ಹದಿನೈದು ಜನ, ಹನ್ನೊಂದು ನಂಬರ್: ಕೋವಿಡ್ ಅಲೆಯಲ್ಲಿ ಒಂದು ಪ್ರೌಢಶಾಲೆ

ಶಾಲೆ ಕೋಲಾರ ಜಿಲ್ಲೆಯದು, ಆಂಧ್ರದ ಗಡಿ ಕಡೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಬರುವ ಒಬ್ಬೊಬ್ಬರೂ ಯಾರು ಅಂತ ಸುತ್ತ ಹತ್ತು ಹಳ್ಳಿಗೆ ಗೊತ್ತಾಗುತ್ತದೆ. 8ರಿಂದ 10ನೇ ತರಗತಿ, ಮಕ್ಕಳು 186. ನಾನು ಅಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ.

ಆಗ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು 15 ಜನ. ಹೆಡ್‌ಮೇಷ್ಟ್ರು, ಅವರನ್ನು ಬಿಟ್ಟು ಪಿಟಿ ಮೇಷ್ಟ್ರೂ ಸೇರಿ 7 ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕಿಯರು, ಒಬ್ಬ ಕ್ಲರ್ಕ್, ಒಬ್ಬ ಅಟೆಂಡರ್, ಬಿಸಿಯೂಟ ಮಾಡುವ ಮೂವರು ಹೆಂಗಸರು. ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿದ್ದವರು 11 ಜನ. ಬಿಟ್ಟುಹೋಗಿದ್ದ ನಾಲ್ವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅವರನ್ನು ಬೇಕಂತಲೇ ಬಿಟ್ಟಿದ್ದಲ್ಲ. ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ.

ನಾನು ಮುಖ್ಯವಾಗಿ ಬರೆಯಬೇಕಾಗಿರುವುದು ಜನವರಿ 2022ರ ಎರಡು ವಾರಗಳ ಬಗ್ಗೆ, ಮೂರನೇ ಅಲೆಯ ದಿನಗಳು. ಆದರೆ ಅದಕ್ಕೂ ಮುಂಚಿನ ಏಪ್ರಿಲ್ ಹೇಳದೆ ಇದ್ದರೆ ನಾವು ಜನವರಿಯಲ್ಲಿ ಯಾಕೆ ಹಾಗೆ ನಡೆದುಕೊಂಡೆವು ಅನ್ನುವುದು ಗೊತ್ತಾಗುವುದಿಲ್ಲ.

ಏಪ್ರಿಲ್ 2021

6ರಿಂದ 9ನೇ ತರಗತಿಗಳನ್ನು ಏಪ್ರಿಲ್ ಮೊದಲ ವಾರದಲ್ಲೇ ನಿಲ್ಲಿಸಿದ್ದರು. 10ನೇ ತರಗತಿ ನಡೆಯುತ್ತಿತ್ತು, ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್‌ನಲ್ಲಿ ಅನ್ನುವ ಲೆಕ್ಕ. (ಕೊನೆಗೆ ಅದು ಆಗಿದ್ದು ಜುಲೈ 19 ಮತ್ತು 22ಕ್ಕೆ, ಎರಡೇ ದಿನ, ಬರೀ ಗುರುತು ಹಾಕುವ ಪ್ರಶ್ನೆಗಳು.) ಬಿಸಿಯೂಟ ಇರಲಿಲ್ಲ, ಅಕ್ಕಿ ಬೇಳೆಯನ್ನೇ ಅಳೆದು ಮಕ್ಕಳ ಮನೆಗೆ ಕೊಡುತ್ತಿದ್ದೆವು.

ಯುಗಾದಿಯ ಹಿಂದಿನ ವಾರ ಸೋಮವಾರ ನಮ್ಮ ಒಬ್ಬ ಮೇಷ್ಟ್ರಿಗೆ ಜ್ವರ. "ಬಿಸಿಲು ಹೊಡೆದಿದೆ" ಅಂದರು. ಮಂಗಳವಾರವೂ ಬಂದರು. ಬುಧವಾರ ಗಂಟಲ ಸ್ವ್ಯಾಬ್ ಕೊಟ್ಟರು, ಹೆಡ್‌ಮೇಷ್ಟ್ರಿಗೆ ಮಾತ್ರ ಹೇಳಿದರು. ಗುರುವಾರ ನನಗೂ ಗೊತ್ತಾಯಿತು. ರಿಪೋರ್ಟ್ ಬರಲಿ ಅಂತ ಕಾದೆವು, ಅದು ಬಂದಿದ್ದು ಭಾನುವಾರ. ಬಂದ ಮೇಲೂ "ಈಗ ಹೇಳಿದರೆ ಎಲ್ಲರೂ ಗಾಬರಿ ಆಗ್ತಾರೆ, ಹಬ್ಬ ಮುಗೀಲಿ" ಅಂದರು ಹೆಡ್‌ಮೇಷ್ಟ್ರು. ನಾನು ಹೂಂ ಅಂದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಸ್ಟಾಫ್ ರೂಮ್ ಗುಡಿಸಿ, ನಮ್ಮ ಟೀ ಲೋಟ ತೊಳೆದು, ಆ ವಾರ ಅಕ್ಕಿ ಮೂಟೆಗಳನ್ನು ಹೊತ್ತು ಹಾಕಿದವರು ಅಟೆಂಡರ್. ವಯಸ್ಸು 56. ಶನಿವಾರದಿಂದ ಅವರಿಗೆ ಮೈಕೈ ನೋವಿತ್ತು. ಮೂಟೆ ಹೊತ್ತಿದ್ದಕ್ಕೆ ಅಂದುಕೊಂಡರು. ಏಪ್ರಿಲ್ 13 ಯುಗಾದಿ, ಮಗಳು ಅಳಿಯ ಮೊಮ್ಮಕ್ಕಳು ಬಂದಿದ್ದರು. ಮಾರನೇ ದಿನ ವರ್ಷದ ತೊಡಕಿಗೆ ಮಟನ್ ತರಲು ಕ್ಯೂನಲ್ಲಿ ನಿಂತಿದ್ದಾಗ ಪಕ್ಕದವರು ಕೇಳಿದರಂತೆ, "ನಿಮ್ಮ ಸ್ಕೂಲ್ ಮೇಷ್ಟ್ರಿಗೆ ಕೊರೊನಾ ಅಂತಲ್ಲ, ನೀನು ಟೆಸ್ಟ್ ಮಾಡಿಸಿಕೊಂಡ್ಯಾ?" ಮೇಷ್ಟ್ರಿಗೆ ಜ್ವರ ಶುರುವಾಗಿ ಅಂದಿಗೆ ಹತ್ತನೇ ದಿನ.

ಅಷ್ಟು ಹೊತ್ತಿಗೆ ಏದುಸಿರು ಶುರುವಾಗಿತ್ತು. ಆದರೂ ನಡೆದಾಡುತ್ತಿದ್ದರು, ಮಾತಾಡುತ್ತಿದ್ದರು. ಈ ಕಾಯಿಲೆಯ ಕೆಟ್ಟ ಗುಣವೇ ಅದು, ರಕ್ತದಲ್ಲಿ ಆಮ್ಲಜನಕ ಇಳಿದಿರುತ್ತದೆ, ಮನುಷ್ಯನಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಳೆಯುವ ಸಾಧನ ಇರಲಿಲ್ಲ. ಅಳೆಯಬೇಕು ಅಂತ ಹೇಳಿದವರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಬೆಡ್ ಸಿಗಲು ಒಂದು ರಾತ್ರಿ ಪೂರ್ತಿ ಹಿಡಿಯಿತು. 25ರಂದು ತೀರಿಕೊಂಡರು. ಎರಡು ದಿನ ಆದ ಮೇಲೆ, 27ರ ರಾತ್ರಿಯಿಂದ ರಾಜ್ಯವೇ ಮುಚ್ಚಿತು.

ಆ ಮೇಷ್ಟ್ರಿಂದಲೇ ಅಟೆಂಡರ್‌ಗೆ ಬಂತು ಅನ್ನಲು ಆಧಾರ ಇಲ್ಲ. ಆ ತಿಂಗಳು ಸೋಂಕು ಎಲ್ಲ ಕಡೆ ಇತ್ತು. ಮೊದಲೇ ಗೊತ್ತಿದ್ದರೆ ಉಳಿಯುತ್ತಿದ್ದರು ಅಂತಲೂ ಯಾರೂ ಖಂಡಿತವಾಗಿ ಹೇಳಲಾರರು. ಆದರೆ ಶನಿವಾರ ಮೈಕೈ ನೋವು ಬಂದಾಗ ಅದು ಮೂಟೆಯ ನೋವೋ ಕೋವಿಡ್ಡೋ ಅಂತ ಅನುಮಾನ ಪಡುವ ಅವಕಾಶವನ್ನಾದರೂ ನಾವು ಅವರಿಗೆ ಕೊಡಬಹುದಿತ್ತು. ಇನ್ನೊಂದು ಮಾತು. ಏಪ್ರಿಲ್ 1ರಿಂದಲೇ 45 ದಾಟಿದ ಎಲ್ಲರಿಗೂ ಲಸಿಕೆ ಕೊಡುತ್ತಿದ್ದರು. ನಮ್ಮ ಗ್ರೂಪಿನಲ್ಲಿ ಆ ಮೆಸೇಜು ಮೂರು ಸಲ ಬಂದಿತ್ತು. ಅವರು ಗ್ರೂಪಿನಲ್ಲಿ ಇರಲಿಲ್ಲ.

ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ

ಆಗಸ್ಟ್ 23ರಂದು 9 ಮತ್ತು 10ನೇ ತರಗತಿಗೆ ಶಾಲೆ ಮತ್ತೆ ತೆರೆಯಿತು. ಅದರ ಹಿಂದಿನ ದಿನಗಳಲ್ಲಿ ಸಭೆ. ಹೆಡ್‌ಮೇಷ್ಟ್ರು ಒಂದು ಹಾಳೆ ತಂದಿದ್ದರು, ಕೈಯಲ್ಲೇ ಬರೆದದ್ದು. 15 ಹೆಸರು, 15 ನಂಬರ್. ಅಟೆಂಡರ್ ಜಾಗಕ್ಕೆ ಬೇರೊಂದು ಶಾಲೆಯಿಂದ ವಾರಕ್ಕೆ ಮೂರು ದಿನ ಬರುತ್ತಿದ್ದವರ ಹೆಸರೂ ಅದರಲ್ಲಿತ್ತು. ಪ್ರತಿ ಹೆಸರಿನ ಮುಂದೆ ಮೂರು ವಿಷಯ: ಫೋನ್ ಸ್ಮಾರ್ಟೋ ಕೀಪ್ಯಾಡೋ, ಓದಲು ಬರುತ್ತದೋ ಇಲ್ಲವೋ, ಫೋನ್ ಎತ್ತದಿದ್ದರೆ ಪಕ್ಕದ ಮನೆಯವರ ನಂಬರ್ ಯಾವುದು. ಅವರು ಏಪ್ರಿಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಳೆ ಮೇಜಿನ ಮೇಲೆ ಇಟ್ಟು, "ಇವರಲ್ಲಿ ಕೊನೆಯವರಿಗೆ ವಿಷಯ ಮುಟ್ಟಲು ಎಷ್ಟು ಹೊತ್ತು ಬೇಕು, ಒಂದು ಸಲ ಮಾಡಿ ನೋಡೋಣ" ಅಂದರು ಅಷ್ಟೇ.

ಮಾಡಿ ನೋಡಿದೆವು. "ನಾಳೆ 10 ಗಂಟೆಗೆ ಅಕ್ಕಿ ಬರುತ್ತೆ" ಅನ್ನುವ ಒಂದು ಸಾಲು. ಮೊದಲ ಸಲ ಸಂಜೆಯಾದರೂ ಒಬ್ಬರಿಗೆ ಮುಟ್ಟಲಿಲ್ಲ. ಗ್ರೂಪಿಗೆ ಹಾಕಿ ಕೈ ತೊಳೆದುಕೊಂಡರೆ ಎಲ್ಲರಿಗೂ ಗೊತ್ತಾಯಿತು ಅಂತ ನಾವು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆವು.

ಭಾಷೆಯ ವಿಷಯ ಬೇರೆ. ನಮ್ಮ ಕಡೆ ಮನೆಮಾತು ತೆಲುಗು ಇರುವವರೇ ಜಾಸ್ತಿ. ಅಡುಗೆಯ ದೊಡ್ಡಮ್ಮನಿಗೆ ಕನ್ನಡ ಚೆನ್ನಾಗಿ ಗೊತ್ತು, ಆದರೆ ಇಲಾಖೆಯ ಸುತ್ತೋಲೆಯ ಕನ್ನಡ ನನಗೇ ಎರಡು ಸಲ ಓದಬೇಕು, ಇನ್ನು ಅವರ ಪಾಡೇನು. ಪಿಟಿ ಮೇಷ್ಟ್ರು ಇಡೀ ಸುತ್ತೋಲೆಯನ್ನು ಒಂದೇ ಸಾಲಿಗೆ ಇಳಿಸಿದರು: "ಜ್ವರಂ ಒಸ್ತೆ ರಾವೊದ್ದು, ಪೊದ್ದುನ್ನೇ ಫೋನ್ ಚೆಯ್ಯಿ, ದುಡ್ಡು ಕಟ್ ಕಾದು." ಜ್ವರ ಬಂದರೆ ಬರಬೇಡ, ಬೆಳಿಗ್ಗೆಯೇ ಫೋನ್ ಮಾಡು, ದುಡ್ಡು ಕಟ್ ಆಗಲ್ಲ. ಇದರಲ್ಲಿ ಮೂರನೇ ಮಾತಿಗೆ ನಾವು ಪಟ್ಟ ಕಷ್ಟ ಮೊದಲೆರಡಕ್ಕೆ ಪಡಲಿಲ್ಲ.

ಯಾಕೆ ಅಂದರೆ ನಮಗೆ ರಜೆ ಇದೆ. ಕಾಯಂ ಶಿಕ್ಷಕರಿಗೆ ಜ್ವರ ಬಂದರೆ ಅರ್ಜಿ ಬರೆದರೆ ಆಯಿತು. ಅತಿಥಿ ಶಿಕ್ಷಕಿಗೆ ಬಾರದ ದಿನ ಅಂದರೆ ಹೋದ ದುಡ್ಡು. ಅಡುಗೆಯವರದ್ದು ಸಂಬಳವೂ ಅಲ್ಲ, ಆಗ ತಿಂಗಳಿಗೆ ಮೂರು ಸಾವಿರವೂ ಮುಟ್ಟದ ಗೌರವಧನ, ಅದೂ ತಿಂಗಳು ತಿಂಗಳು ಸರಿಯಾಗಿ ಬರುತ್ತಿರಲಿಲ್ಲ. ಒಂದು ವಾರ ಬರಲಿಲ್ಲ ಅಂದರೆ ಜಾಗಕ್ಕೆ ಬೇರೆಯವರು ಬಂದು ಕೂತುಬಿಡುತ್ತಾರೆ ಅನ್ನುವ ಭಯ ಬೇರೆ. ಅಂಥವರು ಗಂಟಲು ಕೆರೆದರೆ ಹೇಳುತ್ತಾರಾ? ಮಾತ್ರೆ ನುಂಗಿಕೊಂಡು ಬರುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಕೂರಿಸಿಕೊಂಡು ಮಾತಾಡಿ, ಊರಿನ ಇನ್ನೊಬ್ಬ ಹೆಂಗಸನ್ನು ಬದಲಿ ಅಂತ ಗೊತ್ತು ಮಾಡಿದೆವು. ಬದಲಿಯವರಿಗೆ ದಿನಕ್ಕೆ 200 ರೂಪಾಯಿ, ಶಿಕ್ಷಕರ ಜೇಬಿನಿಂದ. ಕಾಯಿಲೆಯವರ ಗೌರವಧನ ಮುಟ್ಟುವಂತಿಲ್ಲ. ಅತಿಥಿ ಶಿಕ್ಷಕಿಯರಿಗೂ ಹೀಗೇ ಒಂದು ವ್ಯವಸ್ಥೆ. ಇದು ಸರ್ಕಾರ ಮಾಡಬೇಕಾದ ಕೆಲಸ. ನಾವು ಚಂದಾ ಎತ್ತಿ ಮಾಡಿದ್ದು ದೊಡ್ಡಸ್ತಿಕೆ ಏನಲ್ಲ, ಬೇರೆ ದಾರಿ ಕಾಣಲಿಲ್ಲ.

ಲಸಿಕೆ. ಶಾಲೆ ತೆರೆಯುವಾಗ ಶಿಕ್ಷಕರಿಗೆ ಒಂದು ಡೋಸಾದರೂ ಆಗಿರಬೇಕು ಅಂತ ನಿಯಮ ಇತ್ತು, ಹಾಗಾಗಿ ಶಿಕ್ಷಕರದ್ದೆಲ್ಲ ಆಗಿತ್ತು. ಅಡುಗೆಯವರನ್ನು ವಿಚಾರಿಸಿದರೆ ಮೂವರಲ್ಲಿ ಇಬ್ಬರಿಗೆ ಆಗಿಲ್ಲ. ಒಬ್ಬಾಕೆ ಲಸಿಕೆಯಾದ ಮೇಲೆ ಎರಡು ದಿನ ಜ್ವರ ಬಂದರೆ ಕೂಲಿ ಹೋಗುತ್ತದೆ ಅಂತ ಬಿಟ್ಟಿದ್ದಳು. ಚಿಕ್ಕವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ಬಾಣಂತಿಯರಿಗೆ ಹಾಕಲ್ಲ ಅಂತ ಯಾರೋ ಹೇಳಿದ್ದರು. ಮೊದಮೊದಲು ಅದು ನಿಜವೇ ಆಗಿತ್ತು. 2021ರ ಮೇನಲ್ಲಿ ಹಾಲೂಡಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು ಅಂತ ಕೇಂದ್ರ ಸರ್ಕಾರ ಹೇಳಿತು. ಮೂರು ತಿಂಗಳಾದರೂ ಆ ಸುದ್ದಿ ಅವಳ ಒಲೆಯ ಹತ್ತಿರ ಬಂದಿರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕರೆಸಿ ಅವಳ ಬಾಯಲ್ಲೇ ಹೇಳಿಸಿದೆವು. ಅದೇ ವಾರ ಇಬ್ಬರೂ ಹಾಕಿಸಿಕೊಂಡರು. ಮನ ಒಲಿಸುವುದು ಅಂತ ದೊಡ್ಡ ಮಾತು ಆಡುತ್ತೇವಲ್ಲ, ಇಲ್ಲಿ ಅದೇನೂ ಬೇಕಾಗಲಿಲ್ಲ.

ಇನ್ನು ಕೋಣೆಗಳ ವಿಷಯ. ಮೊದಲ ವರ್ಷವೆಲ್ಲ ನಾವು ತೊಳೆದಿದ್ದೇ ತೊಳೆದಿದ್ದು. ಬೆಂಚು, ಬಾಗಿಲು, ಗೇಟು, ಹಾಜರಿ ಪುಸ್ತಕದ ರಟ್ಟು ಕೂಡ ಹೈಪೋ (ಸೋಂಕು ನಿವಾರಕ ದ್ರಾವಣ) ಕಂಡಿತ್ತು. ಈ ರೋಗ ಹರಡುವುದು ಮುಟ್ಟುವುದರಿಂದ ಕಡಿಮೆ, ಒಂದೇ ಕೋಣೆಯ ಗಾಳಿಯಿಂದ ಜಾಸ್ತಿ ಅನ್ನುವುದು ಜನಕ್ಕೆ ಮುಟ್ಟಲು ತಡವಾಯಿತು. 2021ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ವಿವರಣೆಯನ್ನೇ ತಿದ್ದಿಕೊಂಡಿತ್ತು, ಗಾಳಿ ಆಡದ, ಜನ ತುಂಬಿದ ಕೋಣೆಗಳಲ್ಲಿ ಹರಡುತ್ತದೆ ಅಂತ. ನಮ್ಮ ಸ್ಟಾಫ್ ರೂಮಿಗೆ ಮೂರು ಕಿಟಕಿ. ಎರಡನ್ನು ವರ್ಷಗಳ ಹಿಂದೆ ಅಕ್ಕಿ ಕಳುವಾದಾಗ ಮೊಳೆ ಹೊಡೆದು ಮುಚ್ಚಿದ್ದರು, ಆ ಕೋಣೆ ಆಗ ಉಗ್ರಾಣ. ಮೊಳೆ ಕೀಳಲು ಬಡಗಿಗೆ 150 ರೂಪಾಯಿ ಕೊಟ್ಟೆವು. ಕೋವಿಡ್‌ಗೆ ನಮ್ಮ ಶಾಲೆ ಮಾಡಿದ ಖರ್ಚಿನಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಅದೇ ಅಂತ ನನ್ನ ಅಭಿಪ್ರಾಯ. ಟೀ ಹೊರಗೆ, ಹೊಂಗೆ ಮರದ ಕೆಳಗೆ. ಊಟವೂ ಅಲ್ಲೇ. ಮಾಸ್ಕ್ ತೆಗೆಯುವುದು ತಿನ್ನುವಾಗ ತಾನೇ.

ಅಡುಗೆ ಮನೆಯಲ್ಲಿ ಮಾಸ್ಕ್ ನಡೆಯಲಿಲ್ಲ. 186 ಮಕ್ಕಳ ಸಾರು ಕುದಿಯುವ ಪಾತ್ರೆಯ ಮುಂದೆ ಎನ್-95 ಹಾಕಿಕೊಂಡು ನಿಲ್ಲಿ ಅಂತ ಹೇಳಿದ ಅಧಿಕಾರಿ ಒಂದು ಸಲ ನಿಂತು ತೋರಿಸಲಿ. ಬೆವರಿಗೆ ಐದೇ ನಿಮಿಷದಲ್ಲಿ ಒದ್ದೆ, ಉಸಿರೂ ಬಿಡಲಾಗುವುದಿಲ್ಲ. ಒಲೆಯ ಮುಂದೆ ಒಬ್ಬರೇ, ಮಾಸ್ಕ್ ಇಲ್ಲದೆ. ತರಕಾರಿ ಹೆಚ್ಚುವವರು ಜಗಲಿಯಲ್ಲಿ. ಬಡಿಸುವಾಗ ಮೂವರಿಗೂ ಮಾಸ್ಕ್. ದೊಡ್ಡಮ್ಮನೇ ಮಾಡಿದ ಏರ್ಪಾಡು ಇದು.

ಒಂದು ಪಲ್ಸ್ ಆಕ್ಸಿಮೀಟರ್ ಕೊಂಡೆವು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ. ಮೇ ತಿಂಗಳಲ್ಲಿ ಕೇಳಿದ ಬೆಲೆ ಕೊಟ್ಟರೂ ಸಿಗದಿದ್ದದ್ದು ಆಗ ಅಗ್ಗವಾಗಿತ್ತು. 94ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಬೇಕು, ರಾತ್ರಿ ಎಷ್ಟೇ ಹೊತ್ತಾಗಿದ್ದರೂ. ಅಷ್ಟೇ ಪಾಠ.

ಜನವರಿ 2022

ಕೊರೊನಾದ ಹೊಸ ತಳಿ ಓಮಿಕ್ರಾನ್, ದೇಶದಲ್ಲಿ ಅದರ ಮೊದಲ ಪ್ರಕರಣಗಳು ಡಿಸೆಂಬರ್ 2ರಂದು ಬೆಂಗಳೂರಲ್ಲೇ ಪತ್ತೆಯಾಗಿದ್ದವು. ನಮ್ಮ ಜಿಲ್ಲೆಗೆ ಬೆಂಗಳೂರು ಏನು ದೂರ? ಬೆಳಿಗ್ಗೆ ಬಂಗಾರಪೇಟೆ ರೈಲಿನಲ್ಲಿ ಅರ್ಧ ಜಿಲ್ಲೆ ಅಲ್ಲಿಗೆ ಹೋಗುತ್ತದೆ, ನಮ್ಮ ಗಣಿತದ ಮೇಷ್ಟ್ರ ಥರದವರು ಅಲ್ಲಿಂದ ಇಲ್ಲಿಗೆ ಬರುತ್ತಾರೆ. ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಜನವರಿ 3ರಿಂದ 15 ತುಂಬಿದ ಮಕ್ಕಳಿಗೆ ಕೋವ್ಯಾಕ್ಸಿನ್ ಶುರುವಾಯಿತು, 6ರಂದು ನಮ್ಮ ಶಾಲೆಯಲ್ಲೇ ಶಿಬಿರ. ಮಕ್ಕಳು, ಪೋಷಕರು, ನರ್ಸ್‌ಗಳು, ಆ ದಿನ ಗದ್ದಲವೋ ಗದ್ದಲ.

10ನೇ ತಾರೀಖು ಸೋಮವಾರ ಬೆಳಿಗ್ಗೆ 7:20ಕ್ಕೆ ಇಂಗ್ಲಿಷ್ ಅತಿಥಿ ಶಿಕ್ಷಕಿಯ ಫೋನ್. ರಾತ್ರಿ ಜ್ವರ, ಗಂಟಲು ನೋವು. "ಬರಲ್ಲ ಸಾರ್, ಸ್ವ್ಯಾಬ್ ಕೊಡ್ತೀನಿ." ನಾನು ಕೇಳಿದ್ದು ಎರಡೇ. ಶುಕ್ರವಾರದಿಂದ ನಮ್ಮವರಲ್ಲಿ ಯಾರ ಜೊತೆ ಕೂತು ಊಟ ಮಾಡಿದಿರಿ? ನಿಮ್ಮ ಹೆಸರು ಹೇಳಬಹುದಾ? ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಟಾಫಿಗೆ ಹೇಳಿ. ಊರಿಗೆ ಬೇಡ" ಅಂದರು.

ರಿಪೋರ್ಟಿಗೆ ಕಾಯಲಿಲ್ಲ. ಫೋನ್ ಸರಪಳಿ ಶುರುವಾಯಿತು. ಹೇಳಿದ್ದು ಇಷ್ಟೇ: ಇವರಿಗೆ ಜ್ವರ, ಕೋವಿಡ್ ಹೌದೋ ಅಲ್ಲವೋ ಇನ್ನೂ ಗೊತ್ತಿಲ್ಲ, ಶುಕ್ರವಾರ ಜೊತೆಗಿದ್ದವರು ಗಣಿತದ ಮೇಷ್ಟ್ರು, ಕ್ಲರ್ಕ್ ಮತ್ತು ಬಡಿಸಿದ ಅಡುಗೆಯಾಕೆ, ಮೈಯಲ್ಲಿ ಏನಾದರೂ ಅನ್ನಿಸಿದರೆ ಬರಬೇಡಿ, ಬರುವವರು ಇಂದು ಸ್ಟಾಫ್ ರೂಮಿನ ಒಳಗೆ ಕೂರಬೇಡಿ. ಕೊನೆಯವರಿಗೆ ಮುಟ್ಟಿದ್ದು 9:55ಕ್ಕೆ. ಅಡುಗೆಯ ಚಿಕ್ಕವಳು ಫೋನ್ ಮನೆಯಲ್ಲಿ ಬಿಟ್ಟು ಬೋರ್‌ವೆಲ್ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಪಕ್ಕದ ಮನೆ ಹುಡುಗ ಓಡಿಹೋಗಿ ಹೇಳಿದ. ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಹತ್ತನೇ ದಿನ ಆಗಿತ್ತು.

ಮಂಗಳವಾರ ಗಣಿತದ ಮೇಷ್ಟ್ರು ಬೆಳಿಗ್ಗೆ ರೈಲು ಹತ್ತಲಿಲ್ಲ, ಮೈ ಬಿಸಿ. ಅಲ್ಲೇ ಟೆಸ್ಟ್ ಮಾಡಿಸಿದರು, ಪಾಸಿಟಿವ್. ಬುಧವಾರ ಇಂಗ್ಲಿಷ್ ಮೇಡಂ ರಿಪೋರ್ಟ್ ಬಂತು, ಅದೂ ಪಾಸಿಟಿವ್. ಗುರುವಾರ ಕ್ಲರ್ಕ್. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಿಳಿಸಿ ಬುಧವಾರದಿಂದ ಮೂರು ದಿನ ಮಕ್ಕಳಿಗೆ ರಜೆ ಕೊಟ್ಟೆವು.

ಅಡುಗೆಯಾಕೆಯದು ಬುಧವಾರ ಸಂಜೆ. ಅವಳೇ ಫೋನ್ ಮಾಡಿದಳು, ಮೊದಲ ಮಾತೇ "ದುಡ್ಡು ಕಟ್ ಕಾದು ಕದಾ ಸಾರ್?" ಕಟ್ ಆಗಲ್ಲ ತಾನೇ? ಆಗಲ್ಲ ಅಂದ ಮೇಲೆ ಹೇಳಿದಳು, ಎರಡು ದಿನದಿಂದ ಮೈಕೈ ನೋವು, ನಿನ್ನೆ ರಾತ್ರಿ ಕೆಮ್ಮು. ಅಂದರೆ ಸೋಮವಾರ ಸಂಜೆಯಿಂದಲೇ ಇತ್ತು. ಇಷ್ಟೆಲ್ಲ ಮಾಡಿದ ಮೇಲೂ ಎರಡು ದಿನ ತಡೆದುಕೊಂಡಳು. ನಾವು ಕೊಟ್ಟ ಮಾತನ್ನು ನಂಬಲು ಅವಳಿಗೆ ಅಷ್ಟು ಹೊತ್ತು ಬೇಕಾಯಿತು. ನಂಬಿಕೆ ಬರುವಂತೆ ನಾವು ಮುಂಚೆ ಯಾವತ್ತು ನಡೆದುಕೊಂಡಿದ್ದೆವು?

ಅವಳ ಮನೆಯಲ್ಲಿ 70 ದಾಟಿದ ಅತ್ತೆ, ಲಸಿಕೆ ಇಲ್ಲ. ಇರುವುದೇ ಎರಡು ಕೋಣೆ. ಅತ್ತೆಯನ್ನು ಮೈದುನನ ಮನೆಗೆ ಕಳಿಸಿದರು. ಪಿಟಿ ಮೇಷ್ಟ್ರು ಬೈಕಿನಲ್ಲಿ ಹೋಗಿ ಆಕ್ಸಿಮೀಟರನ್ನು ಬಟ್ಟೆ ಚೀಲದಲ್ಲಿ ಗೇಟಿಗೆ ನೇತುಹಾಕಿ ಬಂದರು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಅವಳ ಗಂಡನ ಫೋನ್, ಅಳುವ ಸ್ವರ, 88 ತೋರಿಸುತ್ತಿದೆ. ನನ್ನ ಎದೆಯೂ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಜನವರಿಯ ಚಳಿ, ಕೈ ತಣ್ಣಗೆ ಕೊರೆಯುತ್ತಿರುತ್ತದೆ, ಬೆರಳಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಈ ಯಂತ್ರ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿ, ಗೋರಂಟಿ ಇಲ್ಲದ ಬೆರಳಿಗೆ ಹಾಕಿ, ಒಂದು ನಿಮಿಷ ಅಲ್ಲಾಡದೆ ಕೂತು ಮತ್ತೆ ನೋಡಿ ಅಂದೆ. 97. ಯಂತ್ರ ಕೊಡುವಾಗಲೇ ಇದನ್ನು ಹೇಳಬೇಕಿತ್ತು. ಆ ಕುಟುಂಬಕ್ಕೆ ಸುಮ್ನೆ ಕಾಲು ಗಂಟೆ ನರಕ ತೋರಿಸಿದೆವು.

ಹೆಡ್‌ಮೇಷ್ಟ್ರಿಗೆ 58, ಸಕ್ಕರೆ ಕಾಯಿಲೆ. ಜನವರಿ 10ರಂದೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸ ಸಲಹೆ ಹೊರಡಿಸಿತ್ತು, ಸೋಂಕಿತರ ಸಂಪರ್ಕಕ್ಕೆ ಬಂದವರೆಲ್ಲ ಟೆಸ್ಟ್ ಮಾಡಿಸಬೇಕಾಗಿಲ್ಲ, ವಯಸ್ಸು ಅಥವಾ ಬೇರೆ ಕಾಯಿಲೆಯಿಂದ ಅಪಾಯ ಜಾಸ್ತಿ ಇರುವವರು ಮಾಡಿಸಿದರೆ ಸಾಕು ಅಂತ. ಅವರು ಮಾಡಿಸಿದರು, ನೆಗೆಟಿವ್. ಮನೆಯಲ್ಲಿರಿ ಅಂದರೆ ಕೇಳಲಿಲ್ಲ, ಹೊಂಗೆ ಮರದ ಕೆಳಗೆ ಟೇಬಲ್ ಹಾಕಿಸಿಕೊಂಡು ಅಲ್ಲೇ ಕಚೇರಿ ನಡೆಸಿದರು. ಸೋಂಕಿತರು ಮನೆಯಲ್ಲಿ ಇರಬೇಕಾದ ದಿನಗಳೂ ಆ ತಿಂಗಳು ಬದಲಾಗಿದ್ದವು, ಹತ್ತರ ಬದಲು ಏಳು, ಕೊನೆಯ ಮೂರು ದಿನ ಜ್ವರ ಇರಬಾರದು. ಹಳೆಯ ಆದೇಶ ಹೊಸ ಆದೇಶ ಎರಡೂ ಒಂದೇ ದಿನ ವಾಟ್ಸಾಪಿನಲ್ಲಿ ಓಡಾಡುತ್ತಿದ್ದವು, ಕೆಲವಕ್ಕೆ ತಾರೀಖು ಇರುವ ಮೇಲ್ಭಾಗವನ್ನೇ ಕತ್ತರಿಸಿ ಕಳಿಸುತ್ತಿದ್ದರು. ತಾರೀಖು ಕಾಣದ ಆದೇಶವನ್ನು ನಮ್ಮಲ್ಲಿ ಯಾರೂ ಮುಂದಕ್ಕೆ ಕಳಿಸುವಂತಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಮೂರೇ ಸಾಲು, ಮೇಲೆ ಆ ದಿನದ ತಾರೀಖು, ಬದಲಾದರೆ ಹಳೆಯದನ್ನು ಹರಿದು ಹಾಕಬೇಕು.

ಹೆಸರು ಊರಿಗೆ ಬೇಡ ಅಂದಿದ್ದರಲ್ಲ ಇಂಗ್ಲಿಷ್ ಮೇಡಂ, ಅದು ಸೋಮವಾರ ಸಂಜೆಗೇ ಡೇರಿ ಹತ್ತಿರ ಹಾಲು ಹಾಕುವವರ ಬಾಯಲ್ಲಿತ್ತು. ಯಾರು ಬಿಟ್ಟರು ಅಂತ ನಾವು ಹುಡುಕಲಿಲ್ಲ. 15 ಜನಕ್ಕೆ ಹೇಳಿದ ಗುಟ್ಟು ಗುಟ್ಟಲ್ಲ. ಆಕೆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದವರು. ಬುಧವಾರ ಮನೆ ಮಾಲೀಕರು ಅಂಗಳದ ನಲ್ಲಿ ಮುಟ್ಟಬೇಡಿ, ಊರಿಗೆ ಹೋಗಿಬಿಡಿ ಅಂದರು. ಜ್ವರದಲ್ಲಿ ಬಸ್ ಹತ್ತಿ ಎಲ್ಲಿಗೆ ಹೋಗುವುದು? ಹೆಡ್‌ಮೇಷ್ಟ್ರು, ಎಸ್‌ಡಿಎಂಸಿ ಅಧ್ಯಕ್ಷರು, ನಾನು ಮೂವರೂ ಆ ಮನೆ ಮುಂದೆ ಹೋಗಿ ನಿಂತೆವು. ಜಗಳ ಆಡಲಿಲ್ಲ. ಅಧ್ಯಕ್ಷರು ಮಾಲೀಕರಿಗೆ ದೂರದ ಸಂಬಂಧ, "ನಿಮ್ಮ ಮೊಮ್ಮಗಳಿಗೆ ಪಾಠ ಹೇಳಿದ ಹುಡುಗಿ ಕಣಪ್ಪ" ಅಂದರು. ಆಶಾ ಕಾರ್ಯಕರ್ತೆ ನಲ್ಲಿ ಮುಟ್ಟುವುದರಿಂದ ಏನೂ ಆಗುವುದಿಲ್ಲ ಅಂತ ವಿವರಿಸಿದಳು. ಅವರು ಒಪ್ಪಿದರು ಅಂತಲ್ಲ, ಸುಮ್ಮನಾದರು. ಏಳು ದಿನ ಅಡುಗೆಯ ದೊಡ್ಡಮ್ಮ ಎರಡು ಹೊತ್ತು ಮುದ್ದೆ, ಸಾರು ಕಳಿಸಿದರು.

ಹೆಸರು ಹೇಳಿದ್ದು ಸರಿಯೋ ತಪ್ಪೋ ಅಂತ ಈಗಲೂ ನಮ್ಮಲ್ಲಿ ಒಮ್ಮತ ಇಲ್ಲ. ಹೆಸರಿಲ್ಲದೆ "ನಮ್ಮಲ್ಲಿ ಒಬ್ಬರಿಗೆ" ಅಂದಿದ್ದರೆ, ಶುಕ್ರವಾರ ಪಕ್ಕ ಕೂತಿದ್ದು ಯಾರು ಅಂತ ಯಾರಿಗೂ ಲೆಕ್ಕ ಸಿಗುತ್ತಿರಲಿಲ್ಲ. ಹೇಳಿದ್ದರಿಂದ ಆಕೆ ಪಟ್ಟ ಅವಮಾನವೂ ಸಣ್ಣದಲ್ಲ. ಕೇಳಿ, ಒಪ್ಪಿಗೆ ತೆಗೆದುಕೊಂಡೇ ಹೇಳಿದೆವು ಅನ್ನುವುದೊಂದೇ ನಮ್ಮ ಸಮಾಧಾನ. ಆದರೆ ಅತಿಥಿ ಶಿಕ್ಷಕಿಗೆ ಬೇಡ ಅನ್ನುವ ಧೈರ್ಯ ಇತ್ತೇ ಅನ್ನುವುದು ಬೇರೆ ಪ್ರಶ್ನೆ.

ಎಡವಿದ್ದು

ಮಕ್ಕಳಿಗೆ ಮಂಗಳವಾರ ಸಂಜೆ "ನಾಳೆಯಿಂದ ಮೂರು ದಿನ ರಜೆ" ಅಂದು ಕಳಿಸಿದೆವು, ಯಾಕೆ ಅಂತ ಹೇಳಲಿಲ್ಲ. ಪೋಷಕರು ತಾವೇ ಕತೆ ಕಟ್ಟಿದರು. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಏನೋ ಆಗಿದೆ, ಅದಕ್ಕೇ ಶಾಲೆ ಮುಚ್ಚಿದರು ಅನ್ನುವ ಸುದ್ದಿ ಎರಡು ಹಳ್ಳಿ ಸುತ್ತಿತು. ಅದನ್ನು ಕಟ್ಟಿಹಾಕಲು ಮೂರು ದಿನ ಮನೆ ಮನೆ ತಿರುಗಬೇಕಾಯಿತು.

ಇನ್ನೊಂದು ನಾಚಿಕೆಯದು. ಗುರುವಾರ 13, ಸಂಕ್ರಾಂತಿ ಎದುರಿಗಿತ್ತು. ಮಕ್ಕಳಿಲ್ಲ, ನಾವು ಉಳಿದವರು ಶಾಲೆಗೆ ಬಂದಿದ್ದೆವು. ಕನ್ನಡ ಮೇಡಂ ಎಳ್ಳು ಬೆಲ್ಲ ತಂದರು. ಹೊರಗೆ ಚಳಿಗಾಳಿ. ಯಾರೋ ಕಿಟಕಿ ಎಳೆದುಕೊಂಡರು, ಎಲ್ಲರೂ ಸ್ಟಾಫ್ ರೂಮಿನಲ್ಲಿ ಕೂತು, ಮಾಸ್ಕ್ ಗಲ್ಲಕ್ಕೆ ಇಳಿಸಿ, ಅರ್ಧ ಗಂಟೆ ಹರಟಿದೆವು. 150 ರೂಪಾಯಿ ಕೊಟ್ಟು ತೆಗೆಸಿದ ಕಿಟಕಿ! ಭಾನುವಾರ ಕನ್ನಡ ಮೇಡಂಗೆ ಜ್ವರ. ಅಲ್ಲಿಂದಲೇ ಬಂತು ಅನ್ನಲಾಗದು, ಆದರೆ ದಿನದ ಲೆಕ್ಕವೇನೋ ಕೂಡುತ್ತದೆ.

ಒಟ್ಟು 15ರಲ್ಲಿ 5 ಜನಕ್ಕೆ ಬಂತು. ಯಾರೂ ಆಸ್ಪತ್ರೆ ಸೇರಲಿಲ್ಲ. ಇದು ನಮ್ಮ ಹಾಳೆಯಿಂದ ಆಯಿತು ಅಂತ ಹೇಳಿಕೊಂಡರೆ ಸುಳ್ಳು. ಅಷ್ಟು ಹೊತ್ತಿಗೆ 15 ಜನಕ್ಕೂ ಲಸಿಕೆ ಆಗಿತ್ತು, ಓಮಿಕ್ರಾನ್ ಕೂಡ ಏಪ್ರಿಲ್‌ನ ಡೆಲ್ಟಾ ತಳಿಯಷ್ಟು ಕ್ರೂರಿ ಆಗಿರಲಿಲ್ಲ. ಹಾಳೆಯಿಂದ ಆದದ್ದು ಎರಡೂವರೆ ಗಂಟೆ, ಮತ್ತು ಅಡುಗೆಯಾಕೆ ಎರಡು ದಿನ ತಡವಾದರೂ ತಾನಾಗಿ ಮಾಡಿದ ಆ ಫೋನ್. ಅತ್ತೆ ಬೇರೆ ಮನೆಗೆ ಹೋದದ್ದು ಅದರಿಂದ.

ಕೊನೆಗೆ ಆಟೋದವನು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಗಣಿತದ ಮೇಷ್ಟ್ರು, ಕ್ಲರ್ಕ್, ಇನ್ನೊಬ್ಬರು ದಿನಾ ಅವನ ಷೇರ್ ಆಟೋದಲ್ಲೇ ಬರುತ್ತಿದ್ದರು, ಬೆಳಿಗ್ಗೆ ಚಳಿ ಅಂತ ಎರಡೂ ಕಡೆ ಪರದೆ ಇಳಿಸಿಕೊಂಡು. 15 ಹೆಸರು ಬರೆಯುವಾಗ ಅವನು ನಮ್ಮ ಸ್ಟಾಫ್ ಅಂತ ಯಾರಿಗೂ ಅನ್ನಿಸಲಿಲ್ಲ, ಹಾಗಂತ ಅವನು ಪೂರ್ತಿ ಹೊರಗಿನವನೂ ಅಲ್ಲ. ಅವನಿಗೆ ಶುಕ್ರವಾರ ಜ್ವರ ಬಂತು, ಹೆಂಡತಿ ಡೇರಿಯಲ್ಲಿ ಕೇಳಿಕೊಂಡು ಬಂದು ಹೇಳಿದಳಂತೆ, ನಿಮ್ಮ ಮೇಷ್ಟ್ರುಗಳಿಗೆಲ್ಲ ಕೊರೊನಾ ಅಂತ. ವಾಸಿಯಾಗಿ ಬಂದ ಮೇಲೆ ಕೇಳಿದ, "ಸೋಮವಾರನೇ ಗೊತ್ತಿತ್ತಲ್ಲ ಸಾರ್ ನಿಮಗೆ? ನಾನು ಬುಧವಾರ ಮಗಳ ಮನೆಗೆ ಹೋಗಿದ್ದೆ, ಮಗು ಆಗಿ ಹತ್ತು ದಿನ." ಮಗುವಿಗೆ ಏನೂ ಆಗಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ.

ಹಾಳೆಯಲ್ಲಿ ಈಗ ಅವನ ಹೆಸರು 16ನೆಯದು, ಪೆನ್ಸಿಲ್ಲಿನಲ್ಲಿ. ಗಾಡಿ ಓಡಿಸುವಾಗ ಅವನು ಫೋನ್ ಎತ್ತುವುದಿಲ್ಲ, ಹಾಗಾಗಿ ಪಕ್ಕದ ಮನೆ ಅನ್ನುವ ಜಾಗದಲ್ಲಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನ ನಂಬರ್ ಬರೆದಿದ್ದೇವೆ.